ದಾನಿಗಳ ರಂಗಮಂದಿರದಲ್ಲಿ ಶರಣರ ಸಂಗೀತನಾಟಕ

ಕಳೆದ ಬಸವ ಜಯಂತಿಯ ಮರುದಿನ ಸಂಜೆ ನಮ್ಮ ಊರಿನ ರಂಗಮಂದಿರದಲ್ಲಿ ಶರಣರ ಚರಿತ್ರೆಯನ್ನು ಕುರಿತ ಸಂಗೀತನಾಟಕವೊಂದು ಪ್ರಯೋಗಗೊಂಡಿತು. ವೃತ್ತಿನಟರು ಯಾರೂ ಅದರಲ್ಲಿ ಇರಲಿಲ್ಲ. ಬಸವಣ್ಣನವರ ಪಾತ್ರವನ್ನು ವಹಿಸಿದವರು ಸಹಕಾರಿ ಬ್ಯಾಂಕಿನ ಗುಮಾಸ್ತರು. ಬಿಜ್ಜಳನಾದವರು ಹೊಲಿಗೆಯ ಕಾಯಕದವರು. ಅಕ್ಕಮಹಾದೇವಿಯಾಗಿ ಹಾಡಿದವರು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾಟಕವನ್ನೂ ಊರಿನವರೇ ಪುರಾಣಗಳಿಂದಲೂ ವಚನಗಳಿಂದಲೂ ಆಯ್ದು ಹೆಣೆದಿದ್ದರು. ರಂಗಮಂದಿರವು ಭಕ್ತರ ಮತ್ತು ವರ್ತಕರ ದೇಣಿಗೆಯಿಂದ ಎದ್ದು ನಿಂತದ್ದು. ಟಿಕೆಟ್ಟು ಇರಲಿಲ್ಲ, ಬಣ್ಣ, ಬಾಡಿಗೆಯ ವೇಷಭೂಷಣ, ವಾದ್ಯದವರ ಸಂಭಾವನೆ, ಬಂದವರಿಗೆ ಪ್ರಸಾದ, ಎಲ್ಲದರ ಖರ್ಚೂ ದಾನಿಗಳದೇ. ವಚನಗಳ ಪಾಠವನ್ನು ಶುದ್ಧಮಾಡಿಕೊಡುವ ಹಾಗೂ ಉಚ್ಚಾರಣೆಯನ್ನು ತಿದ್ದುವ ಕೆಲಸವನ್ನು ಸಮಿತಿಯವರು ನನಗೆ ಒಪ್ಪಿಸಿದ್ದರು. ಆದುದರಿಂದ ಮುಂದಿನ ಮಾತುಗಳು ಪೂರ್ತಿ ಹೊರಗಿನವನ ಮಾತುಗಳಲ್ಲ. ದೋಷವೆಂದು ನಾನು ಎಣಿಸುವ ಕೆಲವು ಸಂಗತಿಗಳಲ್ಲಿ ನನ್ನ ಪಾಲೂ ಉಂಟು. ಅದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ಶರಣರನ್ನು ರಂಗದ ಮೇಲೆ ತರುವುದು ಕನ್ನಡ ನಾಡಿಗೆ ಹೊಸದಲ್ಲ. ಏಣಗಿ ಬಾಳಪ್ಪನವರು (1914–2017) ತಮ್ಮ ಕಂಪನಿಯ ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರಾಗಿ ನಿಂತು ವಚನಗಳನ್ನು ಹಾಡಿದ್ದನ್ನು ನಮ್ಮ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದೇ ಹೆಸರಿನ ಚಲನಚಿತ್ರವೂ 1959ರಲ್ಲಿ ಬಂದಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ನಾಟಕ ಕಂಪನಿಯನ್ನು ಕಟ್ಟಿ, ತಾವೇ ನಾಟಕಗಳನ್ನು ರಚಿಸಿ, ಅದರ ಆದಾಯದಿಂದ ಆಶ್ರಮದ ಅಂಧ ಮಕ್ಕಳಿಗೆ ಅನ್ನ ವಿದ್ಯೆಗಳನ್ನು ಕೊಟ್ಟುದು ಎಲ್ಲರೂ ಬಲ್ಲ ಸಂಗತಿ. ಸಿರಿಗೆರೆಯ ಲಿಂಗೈಕ್ಯ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು (1914–1992) ‘ಮರಣವೇ ಮಹಾನವಮಿ’ಯಂಥ ನಾಟಕಗಳನ್ನು ಸ್ವತಃ ಬರೆದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರವು ಊರೂರು ಸುತ್ತಿ ನಾಟಕಗಳನ್ನು ಆಡುತ್ತ ಬಂದಿದೆ. ಇನ್ನೊಂದು ಕಡೆ ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಇವು ಕಲ್ಯಾಣದ ಕಥೆಯನ್ನು ಬೇರೆಯ ಕಣ್ಣಿನಿಂದ ಕಂಡ ಕೃತಿಗಳು. ಅವುಗಳೊಡನೆ ನಮಗೆ ಜಗಳವಿರಬಹುದು. ಆದರೆ ಕಲ್ಯಾಣದಲ್ಲಿ ನಡೆದುದೇನು ಎಂಬ ಪ್ರಶ್ನೆಯನ್ನು ಅವು ತಪ್ಪಿಸಿಕೊಂಡು ಹೋಗಲಿಲ್ಲ. ಈ ಮಾತನ್ನು ಇಲ್ಲಿ ಏಕೆ ಹೇಳಿದೆನೆಂಬುದು ಮುಂದೆ ತಿಳಿಯುವುದು.

ಮೊದಲು ಸಂಗೀತದ ವಿಚಾರ. ನಾಟಕದಲ್ಲಿ ಇಪ್ಪತ್ತೆರಡು ಹಾಡುಗಳಿದ್ದವು. ಅವುಗಳಲ್ಲಿ ಹತ್ತೊಂಬತ್ತು ವಚನಗಳು. ಕಾಲುಪೇಟಿಯ ಮುಂದೆ ಕುಳಿತ ಹಿರಿಯರು ಕಂಪನಿಯ ಕಾಲವನ್ನು ಕಂಡವರು. ಅವರ ಬೆರಳಿನ ಹದ ಇನ್ನೂ ಕೆಟ್ಟಿಲ್ಲ. ಗುಮಾಸ್ತರ ಕಂಠವೂ ಒಳ್ಳೆಯದು. ಜನ ತಲೆದೂಗಿದರು. ಆದರೂ ಮೂರನೆಯ ಹಾಡಿನ ಹೊತ್ತಿಗೆ ನನ್ನಲ್ಲಿ ಒಂದು ಅಸಮಾಧಾನ ಮೊಳೆಯಿತು. ಕಾರಣವೇನೆಂದು ಆ ರಾತ್ರಿ ತಿಳಿಯಲಿಲ್ಲ. ಮರುದಿನ ವಚನ ಸಂಪುಟವನ್ನು ತೆರೆದು, ಹಾಡಿದ ವಚನಗಳನ್ನು ಒಂದೊಂದಾಗಿ ಓದಿದಾಗ ಹೊಳೆಯಿತು.

ವಚನದ ನಡೆ ಮುಂದಕ್ಕೆ ಹೋಗುವ ನಡೆ. ಬಸವಣ್ಣನವರ ವಚನಗಳನ್ನು ಗಮನಿಸಿರಿ. ಮೊದಲ ಸಾಲಿನಲ್ಲಿ ಲೋಕದ ಒಂದು ಸಾಮಾನ್ಯ ಸಂಗತಿ ಬರುತ್ತದೆ: ಒಂದು ಮರ, ಒಂದು ನಾಯಿ, ಒಂದು ಮನೆಯ ಹೊಸ್ತಿಲು. ಎರಡನೆಯದರಲ್ಲಿ ಅದಕ್ಕೆ ಜೊತೆಯಾಗಿ ಮತ್ತೊಂದು. ಆಮೇಲೆ ಒಂದು ತಿರುವು. ಆ ತಿರುವಿನಲ್ಲಿ, ಅಷ್ಟು ಹೊತ್ತು ಹೊರಗಿನ ಲೋಕವನ್ನು ನೋಡುತ್ತಿದ್ದ ಮಾತು ತಟ್ಟನೆ ಒಳಕ್ಕೆ ತಿರುಗಿ ಹೇಳುವವನನ್ನೇ ಹಿಡಿಯುತ್ತದೆ. ಕೊನೆಗೆ ಅಂಕಿತ, ಅಲ್ಲಿ ಕೂಡಲಸಂಗಮದೇವನು ಸಾಕ್ಷಿಯಾಗಿ ನಿಲ್ಲುತ್ತಾನೆ. ಅಂಕಿತದ ಆಚೆ ಮಾತಿಲ್ಲ. ಈಗ ಇದನ್ನು ಹಾಡಿನ ಕಟ್ಟಿಗೆ ಕೂಡಿಸಿದರೆ ಏನಾಗುತ್ತದೆ? ಮೊದಲ ಸಾಲು ಪಲ್ಲವಿಯಾಗುತ್ತದೆ. ಪ್ರತಿಯೊಂದು ಚರಣ ಮುಗಿದ ಮೇಲೂ ಪಲ್ಲವಿಗೆ ಮರಳಬೇಕು. ವಚನವು ತನ್ನ ತಿರುವನ್ನು ಮುಟ್ಟಿ, ದೇವನೆದುರು ಮೌನವಾದ ಮೇಲೂ ಹಾಡುಗಾರರು ಮತ್ತೆ ಮೊದಲ ಸಾಲಿಗೆ ಬಂದು, ಮರವನ್ನೋ ಹೊಸ್ತಿಲನ್ನೋ ಹಿಡಿದು ಮುಕ್ತಾಯ ಮಾಡುತ್ತಾರೆ. ಉತ್ತರ ಸಿಕ್ಕಿದ ಮೇಲೆ ಮತ್ತೆ ಪ್ರಶ್ನೆಯನ್ನೇ ಕೇಳಿದಂತೆ. ಕೇಳುಗನ ಕಿವಿಯಲ್ಲಿ ಉಳಿಯುವುದು ಹೋಲಿಕೆ ಮಾತ್ರ. ಆ ಹೋಲಿಕೆಯು ಯಾರ ಎದೆಗೆ ಗುರಿಯಿಟ್ಟಿತ್ತೋ ಆ ಎದೆಗೆ ಅದು ತಾಕುವುದಿಲ್ಲ.

ಮಲ್ಲಿಕಾರ್ಜುನ ಮನ್ಸೂರರಂಥವರು ವಚನಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಾಗ ಓದುವವರಿಗೆ ದಾರಿ ತೆರೆಯಿತು, ಓದಲಾರದವರಿಗೆ ದಾರಿ ತೆರೆದವರು ಗಾಯಕರು. ಆ ಋಣ ದೊಡ್ಡದು. ಆದರೆ ಬೈಠಕ್ಕಿನಲ್ಲಿ ಹಾಡುವಾಗ ಕೇಳುಗನು ರಾಗದಲ್ಲಿ ಮುಳುಗಲೆಂದೇ ಬಂದಿರುತ್ತಾನೆ. ವಚನವು ಅಲ್ಲಿ ಒಂದು ಧ್ಯಾನದ ಬೀಜವಾಗುತ್ತದೆ. ನಾಟಕದ ಮಾತು ಬೇರೆ. ನಾಟಕದಲ್ಲಿ ವಚನವನ್ನು ಒಬ್ಬ ಮನುಷ್ಯನು ಇನ್ನೊಬ್ಬನಿಗೆ, ಒಂದು ಇಕ್ಕಟ್ಟಿನಲ್ಲಿ, ಹೇಳಲೇಬೇಕಾಗಿ ಬಂದು ಹೇಳುತ್ತಾನೆ. ಬಿಜ್ಜಳನು ಆಪಾದನೆ ಹೊರಿಸಿ ಉತ್ತರಕ್ಕೆ ಕಾದು ನಿಂತಿರುವಾಗ ಭಂಡಾರಿಯು ಏಳು ನಿಮಿಷ ಆಲಾಪ ಮಾಡಿದರೆ ಅರಸನು ಏನು ಮಾಡಬೇಕು? ನಮ್ಮ ಬಿಜ್ಜಳನು ಪಾಪ, ಖಡ್ಗದ ಹಿಡಿಯ ಮೇಲೆ ಕೈಯಿಟ್ಟು ಮೇಲಿನ ಮೈಕನ್ನು ನೋಡುತ್ತ ನಿಂತಿದ್ದ.

ಇದರಲ್ಲಿ ಒಂದು ವಿಡಂಬನೆಯೂ ಅಡಗಿದೆ. ತಾಳ, ಮಾನ, ಲೆಕ್ಕಗಳೊಂದನ್ನೂ ಅರಿಯೆನೆಂದು, ಒಲಿದಂತೆ ಹಾಡುವೆನೆಂದು ಬಸವಣ್ಣನವರು ಹೇಳಿಕೊಂಡ ವಚನವು ವಾಚಕರಿಗೆ ಬಾಯಿಪಾಠವಾಗಿರುವುದು. ಅದನ್ನೇ ಆ ಸಂಜೆ ತ್ರಿತಾಲದಲ್ಲಿ, ತಬಲೆಯ ತಿಹಾಯಿಯೊಡನೆ, ಸಮಕ್ಕೆ ಸರಿಯಾಗಿ ತಂದು ನಿಲ್ಲಿಸಿದರು. ಚಪ್ಪಾಳೆ ಬಿದ್ದಿತು. ತಿಹಾಯಿಗೆ ಬಿದ್ದ ಚಪ್ಪಾಳೆಯೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಶರಣರ ನಾಟಕದಲ್ಲಿ ಹಾಡೇ ಬೇಡವೇ? ಬೇಕು. ಅದಕ್ಕೆ ಶರಣರೇ ದಾರಿ ಮಾಡಿಟ್ಟಿದ್ದಾರೆ. ವಚನವಲ್ಲದೆ ಸ್ವರವಚನವೆಂಬ ಇನ್ನೊಂದು ಪ್ರಕಾರವು ನಮ್ಮ ಸಾಹಿತ್ಯದಲ್ಲಿ ಉಂಟು. ಅವು ಪಲ್ಲವಿ ನುಡಿಗಳಿಂದ ಕೂಡಿ, ರಾಗ ತಾಳಗಳಿಗೆ ಹೊಂದುವಂತೆ, ಹಾಡಲೆಂದೇ ಹುಟ್ಟಿದ ಪದಗಳು. ಬಸವಣ್ಣನವರ, ನೀಲಾಂಬಿಕೆಯವರ, ಅಕ್ಕನವರ, ಸಕಳೇಶ ಮಾದರಸರ ಹೆಸರಿನಲ್ಲಿ ಇವು ದೊರೆಯುತ್ತವೆ. ಮುಂದೆ ನಿಜಗುಣ ಶಿವಯೋಗಿಗಳ ‘ಕೈವಲ್ಯಪದ್ಧತಿ’, ಮುಪ್ಪಿನ ಷಡಕ್ಷರಿಗಳ ‘ಸುಬೋಧಸಾರ’, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯಕಲ್ಪವಲ್ಲರಿ’ಯವರೆಗೆ ಆ ಹೊಳೆ ಹರಿದು ಬಂದಿದೆ. ಹಾಡುವಲ್ಲಿ ಸ್ವರವಚನವನ್ನು ಹಾಡಿರಿ, ಆಡುವಲ್ಲಿ ವಚನವನ್ನು ಆಡಿರಿ ಎಂದು ತಾಲೀಮಿನ ಮೊದಲ ವಾರದಲ್ಲಿಯೇ ನಾನು ಸೂಚಿಸಬೇಕಾಗಿತ್ತು. ಸೂಚಿಸಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವುದರಲ್ಲಿಯೇ ನನ್ನ ಹೊತ್ತು ಕಳೆಯಿತು. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವನ ಚಾಳಿ ಅದು. ಅಕ್ಷರ ಕಂಡಷ್ಟು ಸುಲಭವಾಗಿ ಒಟ್ಟು ಬಂಧ ಕಾಣುವುದಿಲ್ಲ.

ಈ ಮಾತಿಗೆ ನಾಟಕದಲ್ಲಿಯೇ ಒಂದು ಪ್ರಮಾಣ ಸಿಕ್ಕಿತು. ಆಯ್ದಕ್ಕಿ ಮಾರಯ್ಯನ ಪ್ರಸಂಗ. ಕಥೆಯನ್ನು ವಿಸ್ತರಿಸಬೇಕಾಗಿಲ್ಲ: ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ; ಲಕ್ಕಮ್ಮನು ಅದನ್ನು ಅಡುಗೆಗೆ ಮುಟ್ಟಿಸದೆ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಲಕ್ಕಮ್ಮನ ಪಾತ್ರ ವಹಿಸಿದ ಹೆಣ್ಣುಮಗಳಿಗೆ ಹಾಡಲು ಬರುತ್ತಿರಲಿಲ್ಲ. ಆದುದರಿಂದ ಬೇರೆ ಗತಿಯಿಲ್ಲದೆ ಅವಳಿಗೆ ವಚನಗಳನ್ನು ಮಾತಿನಂತೆಯೇ ಬಿಟ್ಟುಕೊಟ್ಟಿದ್ದರು. ಅವಳು ಮೊರವನ್ನು ಕೆಳಗಿಟ್ಟಳು. ಗಂಡನ ಮುಖವನ್ನು ನೋಡಲಿಲ್ಲ, ಅಕ್ಕಿಯನ್ನು ನೋಡಿದಳು. ಆಮೇಲೆ ನಮ್ಮ ಕೇರಿಯ ಹೆಂಗಸರು ಮನೆಯಲ್ಲಿ ಮಾತಾಡುವ ದನಿಯಲ್ಲಿಯೇ, ಏರಿಳಿತವಿಲ್ಲದೆ, ಆಸೆಯು ಅರಸನಿಗೆ ಒಪ್ಪಬಹುದು, ಶರಣನಿಗೆ ಸಲ್ಲದೆಂಬ ಭಾವದ ವಚನವನ್ನು ಹೇಳಿದಳು. ಎಂಟುನೂರು ಜನರ ಸಭೆ ಕೆಮ್ಮಲಿಲ್ಲ. ಕಾಲುಪೇಟಿಯವರು ಶ್ರುತಿಯನ್ನು ಸಹ ಹಿಡಿಯದೆ ಕೈಬಿಟ್ಟು ಕುಳಿತಿದ್ದರು. ನಾಟಕದಲ್ಲಿ ವಚನವೆಂಬುದು ಹೇಗೆ ನಡೆಯಬೇಕೆಂದು ಆ ಒಂದು ಪ್ರಸಂಗದಲ್ಲಿ ನಾನು ಕಂಡೆನು.

ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಒಲ್ಲೆನೆಂದು ಒಳಗೆ ಹೋಗುತ್ತಿದ್ದಂತೆ ಪರದೆ ಬಿದ್ದಿತು, ದೀಪಗಳು ಹತ್ತಿದವು, ದಾನಿಗಳ ಸನ್ಮಾನ ಆರಂಭವಾಯಿತು. ಹದಿನಾಲ್ಕು ಜನರಿಗೆ ಶಾಲು, ಹಾರ, ಫಲತಾಂಬೂಲ. ಪ್ರತಿಯೊಬ್ಬರೂ ಕೊಟ್ಟ ಮೊತ್ತವನ್ನು ಧ್ವನಿವರ್ಧಕದಲ್ಲಿ ಓದಲಾಯಿತು. ನಲವತ್ತು ನಿಮಿಷ ಹಿಡಿಯಿತು. ಹಳ್ಳಿಯ ನಾಟಕಗಳಲ್ಲಿ ಆಟದ ನಡುವೆಯೇ ಇಂಥವರಿಂದ ಇಷ್ಟು ರೂಪಾಯಿ ಆಯೇರಿ ಎಂದು ಕೂಗುವ ರೂಢಿಯುಂಟು. ಅದಕ್ಕೆ ಒಂದು ಮುಗ್ಧತೆಯಿದೆ, ನಗುತ್ತ ಸಹಿಸಿಕೊಳ್ಳಬಹುದು. ಇದು ಹಾಗಲ್ಲ. ಸಮಿತಿಯವರಿಗೆ ಯಾವ ದುರುದ್ದೇಶವೂ ಇರಲಿಲ್ಲ, ವಿರಾಮ ಅಲ್ಲಿ ಬಿದ್ದಿತು, ಅಷ್ಟೆ. ಆದರೆ ತಾವು ಈಗತಾನೆ ಆಡಿಸಿದ ಪ್ರಸಂಗದ ಮಾತು ಯಾರ ಕಿವಿಗೂ ಬೀಳಲಿಲ್ಲವೇ ಎಂದು ಆಶ್ಚರ್ಯವಾಯಿತು. ರಂಗಮಂದಿರದ ಗೋಡೆಯಲ್ಲಿ ಕಲ್ಲಿನ ಫಲಕಗಳಿವೆ. ಕುರ್ಚಿಗಳ ಬೆನ್ನಿಗೂ ಹೆಸರುಗಳಿವೆ. ಉಳ್ಳವರು ಕಟ್ಟಿಸುವ ಆಲಯವನ್ನೂ ತನ್ನ ದೇಹವೆಂಬ ಆಲಯವನ್ನೂ ಎದುರೆದುರು ಇಟ್ಟು ಬಸವಣ್ಣನವರು ಆಡಿದ ಮಾತು ಆ ಗೋಡೆಗಳ ನಡುವೆಯೇ ಎರಡನೆಯ ಅಂಕದಲ್ಲಿ ಹಾಡಲ್ಪಟ್ಟಿತು, ಭೀಮಪಲಾಸದಲ್ಲಿ.

ದಾನಿಗಳನ್ನು ನಾನು ಹಳಿಯುತ್ತಿಲ್ಲ. ಅವರಿಲ್ಲದಿದ್ದರೆ ನಮ್ಮಂಥ ಊರಿನಲ್ಲಿ ಆ ಕಟ್ಟಡವೂ ಇಲ್ಲ, ಆ ಸಂಜೆಯೂ ಇಲ್ಲ. ಟಿಕೆಟ್ಟಿನ ಮೇಲೆ ಬದುಕಿದ ಕಂಪನಿಗಳಿಗೆ ಅವುಗಳದೇ ಆದ ಋಣವಿತ್ತು: ಗಲ್ಲೆ ತುಂಬಲೆಂದು ಶರಣರ ನಾಟಕದ ನಡುವೆಯೂ ಹಾಸ್ಯದ ಸೀನುಗಳನ್ನು ತುರುಕಬೇಕಾಗುತ್ತಿತ್ತು. ಗದುಗಿನಲ್ಲಿ ನಾಟಕವು ಹಣವನ್ನು ದುಡಿದು ಆಶ್ರಮಕ್ಕೆ ಕೊಟ್ಟಿತು. ನಮ್ಮಲ್ಲಿ ಹಣವು ನಾಟಕಕ್ಕೆ ಬರುತ್ತದೆ. ದಿಕ್ಕು ಬದಲಾದಾಗ ಮಾತನಾಡುವವರೂ ಬದಲಾಗುತ್ತಾರೆ. ದಾನಕ್ಕೂ ದಾಸೋಹಕ್ಕೂ ಶರಣರು ಮಾಡಿದ ಭೇದವನ್ನು ಈ ಪತ್ರಿಕೆಯ ವಾಚಕರು ಬಲ್ಲರು. ದಾನದಲ್ಲಿ ಕೊಡುವವನು ಮೇಲೆ, ಕೊಂಬವನು ಕೆಳಗೆ. ದಾಸೋಹದಲ್ಲಿ ಕೊಡುವವನು ದಾಸ. ನಾನು ಮಾಡಿದೆನೆಂಬ ನುಡಿ ಬಂದ ಗಳಿಗೆಯಲ್ಲಿಯೇ ಮಾಡಿದ್ದು ಕೆಡುತ್ತದೆ. ಆದ್ದರಿಂದ ಹಣ ಎಲ್ಲಿಂದ ಬಂತೆಂದು ಕೇಳಿ ವಿಮರ್ಶಕನು ನಿಲ್ಲುವಂತಿಲ್ಲ. ಕೊಟ್ಟವರು ಕೊಟ್ಟ ಮೇಲೆ ನಾಟಕದಿಂದ ದೂರ ಸರಿದರೇ, ಅಥವಾ ಅದರೊಳಗೆ ಬಂದು ಕುಳಿತರೇ ಎಂಬುದನ್ನು ಅವನು ನೋಡಬೇಕು.

ನಮ್ಮಲ್ಲಿ ಒಳಗೆ ಬಂದು ಕುಳಿತರು. ಪ್ರಯೋಗಕ್ಕೆ ಎಂಟು ದಿನ ಉಳಿದಿರುವಾಗ ಸಮಿತಿಯ ಕಾರ್ಯದರ್ಶಿಗಳು ಮನೆಗೆ ಬಂದರು. ಕಟ್ಟಡಕ್ಕೆ ಬಹುಪಾಲು ಕೊಟ್ಟ ಹಿರಿಯರೊಬ್ಬರು ತಾಲೀಮನ್ನು ನೋಡಿದ್ದಾರೆ, ಅವರಿಗೆ ಒಂದು ಪ್ರಸಂಗ ಸರಿಬಂದಿಲ್ಲ ಎಂದರು. “ಗುರುಗಳ, ಆ ಮದಿವಿ ಸೀನ್ ಒಂದ್ ಬ್ಯಾಡಂತ್ರಿ. ಹೆಣ್ಮಕ್ಳು ಮಕ್ಳು ಕುಂತು ನೋಡೂವಂಥದ್ದು, ಆನಿ ಕಾಲಿಗೆ ಕಟ್ಟೂದು ಗಿಟ್ಟೂದು ಯಾಕ ಅಂತಾರ,” ಎಂದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯ ಪ್ರಸಂಗ. ಆನೆಯ ಕಾಲಿಗೆ ಕಟ್ಟಿ ಎಳೆಸುವುದನ್ನು ನಮ್ಮವರು ರಂಗದ ಮೇಲೆ ತೋರಿಸುತ್ತಿರಲಿಲ್ಲ. ದೂತನೊಬ್ಬನು ಬಂದು ಹೇಳುತ್ತಿದ್ದ, ಅಷ್ಟೆ. ಹೀಗಾಗಿ ಕ್ರೌರ್ಯದ ಮಾತು ನೆಪ. ಸಮಗಾರರ ಮನೆಗೂ ಬ್ರಾಹ್ಮಣ್ಯವನ್ನು ಬಿಟ್ಟು ಶರಣರಾದವರ ಮನೆಗೂ ನಂಟು ಬೆಳೆಯುವುದನ್ನು ಊರೆಲ್ಲ ಕುಳಿತು ನೋಡುವುದು ಆ ಹಿರಿಯರಿಗೆ ಇರಿಸುಮುರಿಸಾಗಿತ್ತೆಂದು ನಾನು ಊಹಿಸಿದೆ. ಕಾರ್ಯದರ್ಶಿಗಳೂ ಊಹಿಸಿದ್ದರು, ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ನಾನು ಚಹಾ ಕೊಟ್ಟು, ನಿಮ್ಮ ಇಷ್ಟ ಎಂದೆ. ಈ ಲೇಖನವನ್ನು ಬರೆಯಲು ಕುಳಿತದ್ದು ಆ ಎರಡು ಪದಗಳ ದೆಸೆಯಿಂದ.

ಪ್ರಸಂಗವನ್ನು ತೆಗೆದರು. ಆ ಹೊತ್ತನ್ನು ತುಂಬಲು ದಾಸೋಹದ ಮಹಿಮೆಯನ್ನು ಹೇಳುವ ಒಂದು ಸಮೂಹಗಾನವನ್ನು ಹೊಸದಾಗಿ ಕಟ್ಟಿದರು. ಅದರ ಕೊನೆಯ ನುಡಿಯಲ್ಲಿ ಕೊಡುಗೈ ದಾನಿಗಳ ಸ್ತುತಿಯೂ ಸೇರಿಕೊಂಡಿತು.

ಧರ್ಮದ ಪ್ರಶ್ನೆಯನ್ನು ಒತ್ತಟ್ಟಿಗಿಟ್ಟು ಕೇವಲ ನಾಟಕದ ದೃಷ್ಟಿಯಿಂದ ನೋಡೋಣ. ಆ ಮದುವೆಯು ಕಲ್ಯಾಣದ ಕಥೆಯ ಕೀಲು. ಅದಕ್ಕೆ ಮೊದಲು ಬಿಜ್ಜಳನು ಸಂಶಯಪಡುತ್ತಾನೆ, ಗೊಣಗುತ್ತಾನೆ, ಭಂಡಾರದ ಲೆಕ್ಕ ಕೇಳುತ್ತಾನೆ. ಆದರೆ ಬಸವಣ್ಣನವರನ್ನು ಬಿಟ್ಟುಕೊಡುವುದಿಲ್ಲ. ಮದುವೆಯಾದ ಮೇಲೆ ಅವನಿಗೆ ಎರಡರಲ್ಲಿ ಒಂದನ್ನು ಆರಿಸದೆ ಗತಿಯಿಲ್ಲ. ಶರಣರಿಗೂ ಹಾಗೆಯೇ. ಅಲ್ಲಿಯವರೆಗೆ ಅನುಭವಮಂಟಪದಲ್ಲಿ ಆಡಿದ ಮಾತು ಅಲ್ಲಿ ಎರಡು ಮನೆಗಳ ನಡುವಿನ ನಡೆಯಾಗುತ್ತದೆ. ನಡೆಯಾದ ಕೂಡಲೇ ರಕ್ತ ಬೀಳುತ್ತದೆ. ಮೇಲೆ ಹೇಳಿದ ಆಧುನಿಕ ನಾಟಕಕಾರರು ಶರಣರ ಬಗೆಗೆ ಏನೇ ಎಂದಿರಲಿ, ಕಲ್ಯಾಣದ ಕೇಡು ಜಾತಿಯ ಕಟ್ಟಿನಲ್ಲಿಯೇ ಬೇರುಬಿಟ್ಟಿತ್ತೆಂಬುದನ್ನು ಮರೆಮಾಚಲಿಲ್ಲ. ಭಕ್ತರಾದ ನಾವು ಮರೆಮಾಚಿದೆವು. ಫಲವಾಗಿ ಮೂರನೆಯ ಅಂಕದಲ್ಲಿ ಬಿಜ್ಜಳನು ಕಾರಣವಿಲ್ಲದೆ ಸಿಟ್ಟಾದನು. ಬಸವಣ್ಣನವರು ಕಾರಣವಿಲ್ಲದೆ ಕಲ್ಯಾಣವನ್ನು ಬಿಟ್ಟರು. ಹಿಂದಿನ ಬಣ್ಣದ ಪರದೆಯಲ್ಲಿ ಸಂಗಮದ ಹೊಳೆ ಹರಿಯಿತು, ಹೂಮಳೆ ಸುರಿಯಿತು. ನನ್ನ ಮಗ್ಗುಲಿಗೆ ಕುಳಿತ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ತಾಯಿಯನ್ನು, ಬಸವಣ್ಣನವರು ಊರು ಬಿಟ್ಟು ಯಾಕೆ ಹೊರಟರು ಎಂದು ಕೇಳಿದಳು. ದೇವರ ಕಡೆಗೆ ಹೊರಟರು ಎಂದು ತಾಯಿ ಹೇಳಿದಳು. ಆ ನಾಟಕವನ್ನು ನೋಡಿದವರಿಗೆ ಅದಕ್ಕಿಂತ ಬೇರೆ ಉತ್ತರ ಸಾಧ್ಯವಿರಲಿಲ್ಲ.

ಪವಾಡಗಳ ವಿಷಯದಲ್ಲಿಯೂ ಇದೇ ಬಗೆಯ ಜಾಣತನ ಕಂಡಿತು. ಭೀಮಕವಿಯ ‘ಬಸವಪುರಾಣ’ದಿಂದ (1369) ಆಯ್ದ ನಾಲ್ಕು ಪವಾಡಗಳು ಹೊಗೆ, ಮಿಂಚಿನ ದೀಪಗಳೊಡನೆ ಬಂದವು, ಒಂದಕ್ಕೂ ಯಾರ ಆಕ್ಷೇಪಣೆಯೂ ಬರಲಿಲ್ಲ. ಪವಾಡದಿಂದ ಯಾರಿಗೂ ಇರಿಸುಮುರಿಸಾಗದು. ಅಕ್ಕನ ಪ್ರಸಂಗದಲ್ಲಿ ಹರಿಹರನ ರಗಳೆಯಂತೆ ಕೌಶಿಕನೊಡನೆ ಮದುವೆಯಾಯಿತೆನ್ನಬೇಕೋ, ಚಾಮರಸನ ‘ಪ್ರಭುಲಿಂಗಲೀಲೆ’ಯಂತೆ ಆಗಲಿಲ್ಲವೆನ್ನಬೇಕೋ ಎಂಬ ಚರ್ಚೆ ತಾಲೀಮಿನಲ್ಲಿ ಮೂರು ರಾತ್ರಿ ನಡೆಯಿತು. ಕೊನೆಗೆ ಚಾಮರಸನು ಗೆದ್ದನು. ಗೆದ್ದ ಕಾರಣ ಸಾಹಿತ್ಯಕವಾದುದೆಂದು ಹೇಳಲಾರೆ. ಆದರೆ ಅನುಭವಮಂಟಪದಲ್ಲಿ ಅಲ್ಲಮಪ್ರಭುದೇವರು ಅಕ್ಕನನ್ನು ಪರೀಕ್ಷಿಸುವ ಭಾಗವನ್ನು ಶೂನ್ಯಸಂಪಾದನೆಯಿಂದ ಬಹುಮಟ್ಟಿಗೆ ಇದ್ದಂತೆಯೇ ತೆಗೆದುಕೊಂಡಿದ್ದು ಒಳ್ಳೆಯದಾಯಿತು. ಶೂನ್ಯಸಂಪಾದನೆಯು ಮೊದಲೇ ಅರ್ಧ ನಾಟಕ. ಅಲ್ಲಿ ಒಂದು ವಚನಕ್ಕೆ ಇನ್ನೊಂದು ವಚನವೇ ಉತ್ತರ. ಶಿಕ್ಷಕಿಯು ಮೊದಲೆರಡು ಉತ್ತರಗಳನ್ನು ಹಾಡಿ, ಮೂರನೆಯದಕ್ಕೆ ಬಂದಾಗ, ಯಾರೂ ಹೇಳಿಕೊಡದೆ, ಹಾಡುವುದನ್ನು ನಿಲ್ಲಿಸಿ ಮಾತಿಗೆ ಇಳಿದಳು. ಆಮೇಲೆ ಕೇಳಿದಾಗ, ಅಷ್ಟು ನೇರವಾಗಿ ಕೇಳಿದ ಪ್ರಶ್ನೆಗೆ ಹಾಡುತ್ತ ಉತ್ತರಿಸಲು ನಾಚಿಕೆಯಾಯಿತು ಸರ್ ಎಂದಳು. ನಾಟ್ಯಶಾಸ್ತ್ರ ಓದಿದವರಿಗೂ ಹೊಳೆಯದ ಮಾತು.

ಮುಂದಿನ ವರ್ಷಕ್ಕೆ ಸಮಿತಿಯವರು ನುಲಿಯ ಚಂದಯ್ಯನ ಕಥೆಯನ್ನು ಆರಿಸಿದ್ದಾರೆ. ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಲಿಂಗವನ್ನು ಎತ್ತಿಕೊಳ್ಳದೆ ಹೊರಟ ಚಂದಯ್ಯ. ಅವನ ಹಿಂದೆ ಬಂದು ಹಗ್ಗ ಮಾರಿಕೊಡಲು ಒಪ್ಪಿದ ಲಿಂಗಯ್ಯ. ನ್ಯಾಯದ ಬೆಲೆಗಿಂತ ಹೆಚ್ಚು ತಂದನೆಂದು ಆ ಲಿಂಗಯ್ಯನ ಹಣವನ್ನೇ ಒಲ್ಲೆನೆಂದ ಕಾಯಕದ ನಿಷ್ಠೆ. ಒಳ್ಳೆಯ ಆಯ್ಕೆ. ಪಾಠವನ್ನು ನಾನೇ ಸಿದ್ಧಪಡಿಸಬೇಕೆಂದು ಕೇಳಿದ್ದಾರೆ. ಒಪ್ಪಿ ಒಂದು ಕಾಗದ ಬರೆದಿದ್ದೇನೆ. ವಚನಗಳನ್ನು ಆಡಬೇಕು, ಸ್ವರವಚನಗಳನ್ನು ಮಾತ್ರ ಹಾಡಬೇಕು. ಸನ್ಮಾನವನ್ನು ನಾಟಕಕ್ಕೆ ಮೊದಲೇ ಮುಗಿಸಬೇಕು. ತಾಲೀಮಿಗೆ ಯಾರು ಬೇಕಾದರೂ ಬಂದು ನೋಡಬಹುದು, ಆದರೆ ಪ್ರಸಂಗವನ್ನು ತೆಗೆಯಬೇಕೆನ್ನುವವರು ಎಲ್ಲ ನಟರ ಎದುರಿಗೆ ಕಾರಣವನ್ನು ಹೇಳಬೇಕು. ಕಾಗದದ ಜೊತೆಗೆ, ಕೈಬಿಟ್ಟ ಮದುವೆಯ ಪ್ರಸಂಗದ ನಕಲನ್ನೂ ಇಟ್ಟು, ಅದನ್ನು ಚಂದಯ್ಯನ ನಾಟಕದ ದಿನವೇ ಮೊದಲಿಗೆ ಬಿಡಿಯಾಗಿ ಆಡಲು ಆದೀತೇ ಎಂದು ಕೇಳಿದ್ದೇನೆ. ಹರಳಯ್ಯನಾಗಬೇಕಾಗಿದ್ದ ತರುಣನಿಗೆ ತನ್ನ ಮಾತುಗಳು ಇನ್ನೂ ನೆನಪಿವೆಯಂತೆ. ಸಮಿತಿಯ ಸಭೆ ಬರುವ ಸೋಮವಾರ ಸೇರುತ್ತದೆ.